ಮಂಚಲಿನಿಂದ ಜೋಲಿಯವರೆಗೆ: ರೋಗಿಯನ್ನು ಎತ್ತಿದ ಬಟ್ಟೆಯ ಚರಿತ್ರೆ

ಬಂದ್ಯೋಡು ಪೇಟೆಯಲ್ಲಿ ಒಂದಿಷ್ಟು ಹೊತ್ತು ನಿಂತವರಿಗೆ ಆ ಸದ್ದು ಅಪರಿಚಿತವಲ್ಲ. ಕುಂಬಳೆಯ ಕಡೆಯಿಂದ ಬಂದು, ಉಪ್ಪಳವನ್ನು ದಾಟಿ, ಮಂಗಳೂರಿನತ್ತ ಧಾವಿಸುವ ಆಂಬ್ಯುಲೆನ್ಸಿನ ಕೂಗು ಅದು. ಪೆರ್ಮುದೆ, ಧರ್ಮತ್ತಡ್ಕಗಳ ಕಡೆಯಿಂದ ಇಳಿದು ಬರುವ ದಾರಿಯೂ ಇಲ್ಲಿಯೇ ಹೆದ್ದಾರಿಯನ್ನು ಸೇರುವುದರಿಂದ, ಒಳನಾಡಿನ ರೋಗಿಗಳೂ ಈ ಪೇಟೆಯನ್ನು ಹಾದೇ ಹೋಗಬೇಕು. ಆ ಕೂಗು ಕೇಳಿದಾಗ ಅಂಗಡಿ ಜಗಲಿಯಲ್ಲಿ ಕುಳಿತ ಹಿರಿಯರು ಮಾತು ನಿಲ್ಲಿಸಿ ಒಮ್ಮೆ ದಾರಿಯತ್ತ ನೋಡುತ್ತಾರೆ. ಒಳಗಿರುವವರು ಯಾರೋ ತಿಳಿಯದು. ಆದರೂ ಆ ನೋಟದಲ್ಲಿ ಒಂದು ಹಳೆಯ ಅಭ್ಯಾಸವಿದೆ. ರೋಗಿಯನ್ನು ಹೊತ್ತು ಬರುವವರನ್ನು ಕಂಡರೆ ಎದ್ದು ನಿಂತು ದಾರಿ ಬಿಡುವ, ಬೇಕಾದರೆ ಹೆಗಲು ಕೊಡುವ ಕಾಲದ ಅಭ್ಯಾಸವದು.

ನಮ್ಮ ಗಡಿನಾಡಿನ ಚರಿತ್ರೆಯಲ್ಲಿ ಕುಂಬಳೆಯ ಅರಸರು ಬರುತ್ತಾರೆ, ಬೇಕಲದ ಕೋಟೆ ಬರುತ್ತದೆ, 1956ರ ನವೆಂಬರ್ 1 ತಪ್ಪದೆ ಬರುತ್ತದೆ. ನಡೆಯಲಾರದವರನ್ನು ನಡೆಯಬಲ್ಲವರು ಹೇಗೆ ಎತ್ತಿದರು, ಹೇಗೆ ಹೊತ್ತರು ಎಂಬ ವಿಷಯಕ್ಕೆ ಅಲ್ಲಿ ಸ್ಥಳ ದೊರೆತಿಲ್ಲ. ಅದು ಮನೆಯೊಳಗಿನ ಕೆಲಸ, ಹೆಚ್ಚಾಗಿ ಹೆಂಗಸರ ಕೆಲಸ, ಇಲ್ಲವೇ ಹೆಸರು ದಾಖಲಾಗದ ಆಳುಗಳ ಕೆಲಸವಾಗಿದ್ದುದು ಇದಕ್ಕೆ ಕಾರಣವಿರಬಹುದು. ಆ ಚರಿತ್ರೆಯ ಒಂದು ಎಳೆಯನ್ನಾದರೂ ಹಿಡಿಯಬೇಕೆಂಬುದು ಈ ಬರಹದ ಉದ್ದೇಶ. ಹಿಡಿಯಲು ಹೊರಟ ಎಳೆ ನಿಜಕ್ಕೂ ನೂಲಿನದೇ: ರೋಗಿಯ ಮೈಭಾರವನ್ನು ತಾಳಿದ ಒಂದು ತುಂಡು ಬಟ್ಟೆ.

ಪಡುವಣ ಕರಾವಳಿಯಲ್ಲಿ ಪಲ್ಲಕ್ಕಿಗಿಂತ ಹಗುರಾದ ಒಂದು ವಾಹನವಿತ್ತು. ಮಲಯಾಳದಲ್ಲಿ ಅದು ಮಂಚಲ್, ನಮ್ಮಲ್ಲಿ ಮಂಚಲು. ಇಂಗ್ಲಿಷರು ಅದನ್ನು ‘ಮಂಚೀಲ್’ ಎಂದು ಉಚ್ಚರಿಸಿದರು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶವು ಈ ಪದಕ್ಕೆ ಪ್ರತ್ಯೇಕ ನಮೂದನ್ನೇ ಕೊಟ್ಟು, ನೈಋತ್ಯ ಕರಾವಳಿಯಲ್ಲಿ ಡೋಲಿ-ಪಲ್ಲಕ್ಕಿಗಳಿಗೆ ಬದಲಾಗಿ ಬಳಕೆಯಲ್ಲಿರುವ ತೂಗುವಾಹನವೆಂದು ವಿವರಿಸುತ್ತದೆ. ರಚನೆ ಸರಳ. ಉದ್ದವಾದ ಬಿದಿರಿನ ಗಳು. ಅದರ ಎರಡು ಕೊನೆಗಳ ಸಮೀಪ ಗಟ್ಟಿಯಾದ ಬಟ್ಟೆಯ ಎರಡು ತುದಿಗಳನ್ನು ಕಟ್ಟಿ ಇಳಿಬಿಟ್ಟರೆ ನಡುವೆ ತೊಟ್ಟಿಲಿನಂತಹ ಹೊಟ್ಟೆ. ಒಳಗೆ ಮಲಗಿದವರಿಗೆ ಬಿಸಿಲು ತಾಗದಂತೆ ಮೇಲೊಂದು ಹೊದಿಕೆ. ಮುಂದೆ ಇಬ್ಬರು, ಹಿಂದೆ ಇಬ್ಬರು ಹೊರುವವರು. ದಾರಿ ದೂರವಾದರೆ ಹೆಗಲು ಬದಲಿಸಲು ಇನ್ನೂ ಕೆಲವರು.

ಉಳ್ಳವರು ಇದನ್ನು ಪ್ರಯಾಣಕ್ಕೆ ಬಳಸಿದರು, ಅಧಿಕಾರಿಗಳು ತಿರುಗಾಟಕ್ಕೆ ಬಳಸಿದರು. ಇಲ್ಲದವರು ಮಂಚಲಿನ ತತ್ತ್ವವನ್ನು ಮಾತ್ರ ಎರವಲು ಪಡೆದರು. ಕಂಬಳಿಯನ್ನೋ ಹಾಸುವ ಬಟ್ಟೆಯನ್ನೋ ಗಳಕ್ಕೆ ಬಿಗಿದರೆ ಜೋಲಿ ಸಿದ್ಧ. ಹಾವು ಕಡಿದವರು, ಮರದಿಂದ ಬಿದ್ದವರು, ಹೆರಿಗೆ ಕಷ್ಟವಾದ ಬಸುರಿಯರು ಬೈಲಿನಿಂದ ಗುಡ್ಡ ಹತ್ತಿ, ಅಡಕೆ ಮರದ ಸಂಕ ದಾಟಿ, ರಸ್ತೆಯ ಬದಿಗೆ ಬಂದದ್ದು ಈ ಜೋಲಿಯಲ್ಲಿ. ಈಗಲೂ ಮಲೆ ಮಹದೇಶ್ವರ ಬೆಟ್ಟದ ಕಾಡೂರುಗಳಿಂದ, ಉತ್ತರ ಕನ್ನಡದ ಘಟ್ಟದ ಹಳ್ಳಿಗಳಿಂದ ಮಳೆಗಾಲದಲ್ಲಿ ಇಂತಹ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತವೆ. ಓದುವವರಿಗೆ ಅದು ಹಿಂದುಳಿದಿರುವಿಕೆಯ ಚಿತ್ರ. ರಸ್ತೆಯಿಲ್ಲದ ಮಟ್ಟಿಗೆ ಅದು ನಿಜವೇ. ಆದರೆ ಜೋಲಿಯನ್ನೇ ಹಳಿಯಬೇಕಾದುದಿಲ್ಲ. ಬಟ್ಟೆಯು ಮೈಯ ಆಕಾರಕ್ಕೆ ತಕ್ಕಂತೆ ಬಾಗುತ್ತದೆ; ಭಾರವನ್ನು ಬೆನ್ನು, ಸೊಂಟ, ತೊಡೆಗಳಿಗೆ ಹಂಚುತ್ತದೆ; ಹೊರುವವರ ಕೈ ರೋಗಿಯ ಕಂಕುಳನ್ನೋ ತೋಳನ್ನೋ ಹಿಡಿದು ಜಗ್ಗಬೇಕಾಗುವುದಿಲ್ಲ. ಬೆನ್ನುಮೂಳೆ ಮುರಿದವರಿಗೆ ಮಾತ್ರ ಅದು ಅಪಾಯಕರ. ಅಂಥವರನ್ನು ಮಟ್ಟಸವಾದ ಹಲಗೆಯ ಮೇಲೆ, ನೇರವಾಗಿ, ಅಲುಗಿಸದೆ ಒಯ್ಯಬೇಕು. ಮರದಿಂದ ಬಿದ್ದ ಎಷ್ಟು ಜನ ಜೋಲಿಯಲ್ಲಿ ಬಾಗಿದ ಬೆನ್ನಿನಿಂದಾಗಿಯೇ ಕಾಲಿನ ಸ್ವಾಧೀನ ಕಳೆದುಕೊಂಡರೋ, ಲೆಕ್ಕವಿಟ್ಟವರಿಲ್ಲ.

ಹೊರುವ ಈ ವಿದ್ಯೆ ನಮ್ಮವರ ಜೊತೆ ಕಡಲು ದಾಟಿಯೂ ಹೋಯಿತು. ದಕ್ಷಿಣ ಆಫ್ರಿಕದಲ್ಲಿ 1899ರಲ್ಲಿ ಆರಂಭವಾದ ಬೋಯರ್ ಯುದ್ಧದಲ್ಲಿ ಗಾಂಧೀಜಿ ಕಟ್ಟಿದ ಭಾರತೀಯ ಆಂಬ್ಯುಲೆನ್ಸ್ ದಳದವರು ಸುಮಾರು 1,100 ಮಂದಿ. ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊತ್ತು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಮೈಲು ನಡೆಯಬೇಕಾದ ಸಂದರ್ಭಗಳೂ ಇದ್ದುವೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ದಳದಲ್ಲಿ ಬಹುಪಾಲು ಜನ ಗಿರಮಿಟಿಯಾ ಕೂಲಿಗಳು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಸಿದ್ಧವಾದ ನೀಲ್ ರಾಬರ್ಟ್‌ಸನ್ ಸ್ಟ್ರೆಚರ್ ಕೂಡ ದಪ್ಪ ಬಟ್ಟೆ ಮತ್ತು ಬಿದಿರಿನ ಸೀಳುಗಳಿಂದಲೇ ಮಾಡಿದ್ದು; ಹಡಗಿನ ಇಕ್ಕಟ್ಟಾದ ಏಣಿಗಳಲ್ಲಿ ಗಾಯಾಳುವನ್ನು ನಿಲುವಾಗಿ ಎತ್ತಲು. ಗುಡ್ಡದ ಓಣಿಯಲ್ಲಾಗಲಿ ಹಡಗಿನ ಹೊಟ್ಟೆಯಲ್ಲಾಗಲಿ ಮನುಷ್ಯರಿಗೆ ಹೊಳೆದ ಸಾಮಗ್ರಿ ಒಂದೇ.

ನಮ್ಮ ಕಡೆಯ ರೋಗಿಗಳಿಗೆ ಮಂಗಳೂರೇ ಗತಿ ಎಂಬುದು ಇಂದಿನ ಮಾತಲ್ಲ. ಅಲ್ಲಿಯ ಸರಕಾರಿ ಆಸ್ಪತ್ರೆ, ಈಗಿನ ವೆನ್ಲಾಕ್, 1848ರಷ್ಟು ಹಿಂದಿನದು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧಾಲಯ ತೆರೆದರು. ಆಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದು, ಮಂಗಳೂರು ನಮಗೆ ಜಿಲ್ಲಾ ಕೇಂದ್ರ. ಆದರೆ ನಡುವೆ ಹೊಳೆಗಳು: ಶಿರಿಯ, ಉಪ್ಪಳ, ಮಂಜೇಶ್ವರ, ಕೊನೆಗೆ ನೇತ್ರಾವತಿ. ಪ್ರತಿ ಕಡವಿನಲ್ಲಿ ರೋಗಿಯನ್ನು ಹೆಗಲಿನಿಂದ ದೋಣಿಗೆ, ದೋಣಿಯಿಂದ ಹೆಗಲಿಗೆ ಬದಲಿಸಬೇಕಾಗಿದ್ದ ಕಾಲವನ್ನು ಊಹಿಸಿಕೊಳ್ಳಬೇಕು. 1907ರಲ್ಲಿ ರೈಲು ಮಂಗಳೂರನ್ನು ತಲುಪಿದ ಮೇಲೆ ಆ ಕಷ್ಟ ಒಮ್ಮೆಗೇ ಇಳಿಯಿತು. ಬಸ್ಸು, ಜೀಪು, ಆಮೇಲೆ ಅಂಬಾಸಿಡರ್ ಕಾರು ಬಂದ ಮೇಲೆ ಮಂಚಲು ಅಟ್ಟ ಸೇರಿತು. ಅಟ್ಟದಿಂದ ಒಲೆ ಸೇರಿತು. ರಾಜ್ಯದ ಗಡಿ ಬದಲಾದರೂ ರೋಗಿಯ ದಾರಿ ಬದಲಾಗಲಿಲ್ಲ. ಆ ದಾರಿ ಎಷ್ಟು ಅನಿವಾರ್ಯವೆಂಬುದು 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿದಾಗ ಎಲ್ಲರಿಗೂ ತಿಳಿಯಿತು. ಆ ದಿನಗಳಲ್ಲಿ ಮಂಗಳೂರು ತಲುಪಲಾಗದೆ ತೀರಿಕೊಂಡವರ ಮನೆಗಳು ಮಂಜೇಶ್ವರ ತಾಲೂಕಿನಲ್ಲಿವೆ. ಸಂಗತಿ ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯಗಳವರೆಗೆ ಹೋದದ್ದೂ ಓದುಗರಿಗೆ ನೆನಪಿದ್ದೀತು.

ಹೀಗೆ ಮೂವತ್ತು ಮೈಲಿನ ದಾರಿಯ ಕಥೆ ಹೇಗೋ ಸುಲಭವಾಯಿತು. ಉಳಿದದ್ದು ಮೂರು ಮೊಳದ ದಾರಿ: ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಅಲ್ಲಿಂದ ಮತ್ತೆ ಹಾಸಿಗೆಗೆ. ಮಂಗಳೂರಿಗೆ ಜೀವಮಾನದಲ್ಲಿ ನಾಲ್ಕು ಬಾರಿ ಹೋದರೆ, ಈ ಮೂರು ಮೊಳವನ್ನು ದಿನಕ್ಕೆ ನಾಲ್ಕು ಬಾರಿ ದಾಟಬೇಕು. ಅಲ್ಲಿ ರೈಲಿಲ್ಲ, ಜೀಪಿಲ್ಲ, ನಾಲ್ಕು ಜನ ಹೊರುವವರೂ ಇಲ್ಲ. ಇರುವುದು ಮನೆಯಲ್ಲಿ ಉಳಿದ ಒಬ್ಬರ ಎರಡು ಕೈ.

ಇದನ್ನು ಕೇಳಿ ತಿಳಿದು ಬರೆಯುತ್ತಿಲ್ಲ. ನನ್ನ ತಾಯಿ ಪಾರ್ಶ್ವವಾಯುವಿನಿಂದ ಬಲಗೈ, ಬಲಗಾಲಿನ ಸ್ವಾಧೀನ ಕಳೆದುಕೊಂಡು ಮಲಗಿದಾಗ, ಅಣ್ಣನೂ ನಾನೂ ಆಚೀಚೆ ನಿಂತು ಕಂಕುಳಿಗೆ ಕೈ ಕೊಟ್ಟು ಅವರನ್ನು ಎತ್ತುತ್ತಿದ್ದೆವು. ಗಟ್ಟಿಯಾಗಿ ಹಿಡಿಯುವುದೇ ಪ್ರೀತಿಯೆಂದು ನಂಬಿದ್ದೆವು. ಎರಡು ತಿಂಗಳಲ್ಲಿ ಅವರ ಬಲ ಹೆಗಲು ನೋಯತೊಡಗಿತು. ಮುಟ್ಟಿದರೆ ಕಣ್ಣೀರು. ಮಾತು ಹೋಗಿದ್ದುದರಿಂದ ಕಾರಣವನ್ನು ಹೇಳುವ ದಾರಿ ಅವರಿಗಿರಲಿಲ್ಲ. ಪಾರ್ಶ್ವವಾಯು ಬಡಿದ ಕಡೆ ಹೆಗಲಿನ ಸಂದನ್ನು ಬಿಗಿಯಾಗಿ ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ತೋಳಿನ ತೂಕವೇ ಮೂಳೆಯನ್ನು ಕೆಳಕ್ಕೆ ಜಗ್ಗುತ್ತಿರುತ್ತದೆ. ಅಂಥ ಕಂಕುಳಿಗೆ ಕೈಹಾಕಿ ಇಡೀ ಮೈಯನ್ನು ಎತ್ತಿದರೆ ಮೂಳೆ ಗುಳಿಯಿಂದ ಜಾರುತ್ತದೆ. ಫಿಸಿಯೋಥೆರಪಿಸ್ಟ್ ಒಬ್ಬರು ಇದನ್ನು ತಿಳಿಸುವ ಹೊತ್ತಿಗೆ ತಡವಾಗಿತ್ತು. ಅದೇ ವರ್ಷ ಅಣ್ಣನ ಸೊಂಟವೂ ಹಿಡಿಯಿತು. ತಾಯಿಯನ್ನು ಎತ್ತಿದ್ದರಿಂದ ಹೀಗಾಯಿತೆಂದು ಅವನು ಕೊನೆಯವರೆಗೂ ಒಪ್ಪಲಿಲ್ಲ.

ಎತ್ತುವವರ ಬೆನ್ನಿನ ಬಗ್ಗೆ ವೈದ್ಯಲೋಕ ಯೋಚಿಸತೊಡಗಿದ್ದೂ ತಡವಾಗಿಯೇ. ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ಒಂದು ಮಿತಿಯನ್ನು ಸೂಚಿಸಿದರು: ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿಗೆ ಬರುವ ಭಾರ, ಎಲ್ಲವೂ ಅನುಕೂಲವಾಗಿದ್ದಾಗಲೂ, 35 ಪೌಂಡು ಮೀರಬಾರದು. ನಮ್ಮ ಲೆಕ್ಕದಲ್ಲಿ ಸುಮಾರು 16 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರಿನ ಅರ್ಧದಷ್ಟು. ರೋಗಿ ಸಿಲಿಂಡರಿನಂತೆ ಹಿಡಿಕೆಯಿರುವ ವಸ್ತುವಲ್ಲ. ನಡುವೆ ಬೆದರುತ್ತಾರೆ, ಕೊಸರುತ್ತಾರೆ, ಒಮ್ಮೆಗೇ ಜೋತುಬೀಳುತ್ತಾರೆ. ಬ್ರಿಟನ್ನಿನಲ್ಲಿ 1992ರ ನಿಯಮಾವಳಿಯು, ಅಪಾಯವಿರುವ ಕಡೆ ಕೈಯಿಂದ ಭಾರ ಎತ್ತುವುದನ್ನು ಸಾಧ್ಯವಾದಷ್ಟು ತಪ್ಪಿಸಬೇಕಾದ ಹೊಣೆಯನ್ನು ಉದ್ಯೋಗದಾತರ ಮೇಲೆ ಹೊರಿಸಿತು. ಆಸ್ಪತ್ರೆಗಳೂ ಅದರ ವ್ಯಾಪ್ತಿಗೆ ಬಂದವು. ನಮ್ಮ ನಾಡಿನಿಂದ ಹೋದ ದಾದಿಯರು ಅಲ್ಲಿ ಮೊದಲು ಕಲಿಯುವ ಪಾಠಗಳಲ್ಲಿ ಇದೂ ಒಂದು.

ಆ ಪಾಠದ ಕೇಂದ್ರದಲ್ಲಿರುವುದು ಮತ್ತೆ ಬಟ್ಟೆಯೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್ಕಾಶ್ ಎಂಬ ಊರಿನ ಟೆಡ್ ಹೋಯರ್ ಎಂಬವರು ಕಾರು ಅಪಘಾತದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡವರು. ತನ್ನನ್ನು ಹಾಸಿಗೆಯಿಂದ ಎತ್ತುವವರ ಪಾಡನ್ನು ದಿನವೂ ಕಂಡ ಅವರು, ಗಾಲಿಗಳ ಮೇಲೆ ನಿಂತ ಕಂಬಕ್ಕೆ ಒತ್ತುಪಂಪಿನಿಂದ ಏರಿಳಿಯುವ ತೋಳನ್ನು ಜೋಡಿಸಿ, ಅದರಿಂದ ಜೋಲಿಯನ್ನು ಇಳಿಬಿಟ್ಟು ರೋಗಿಯನ್ನು ಎತ್ತುವ ಯಂತ್ರವನ್ನು ರೂಪಿಸಿದರು. ಇಂದಿಗೂ ಜಗತ್ತಿನ ಹಲವೆಡೆ ಯಾವ ಕಂಪೆನಿಯ ಯಂತ್ರವಾದರೂ ಅದನ್ನು ‘ಹೋಯರ್’ ಎಂದೇ ಕರೆಯುವುದುಂಟು. ಮಂಚಲಿನ ಗಳವನ್ನು ಹೊತ್ತ ನಾಲ್ವರ ಸ್ಥಾನದಲ್ಲಿ ಒಂದು ಉಕ್ಕಿನ ತೋಳು. ಉಳಿದಂತೆ ಉಪಾಯ ಹಳೆಯದೇ. ನನ್ನ ಗಮನಕ್ಕೆ ಬಂದ ಇನ್ನೊಂದು ವಿಷಯವೆಂದರೆ, ಇದನ್ನು ಕಂಡುಹಿಡಿದವರು ವೈದ್ಯರಾಗಿರಲಿಲ್ಲ, ಸ್ವತಃ ಎತ್ತಿಸಿಕೊಂಡವರಾಗಿದ್ದರು.

ಸ್ಲಿಂಗ್ ಎಂದು ಎಲ್ಲರೂ ಕರೆಯುವ ಈ ಜೋಲಿಯನ್ನು ಬಳಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುವುದು ಈ ಸಂಚಿಕೆಯನ್ನು ಓದುವ ಕೆಲವು ಮನೆಗಳಿಗಾದರೂ ಉಪಯೋಗಕ್ಕೆ ಬಂದೀತು. ರೋಗಿಯನ್ನು ಎತ್ತಿ ಕೆಳಗೆ ಬಟ್ಟೆ ಹಾಸುವುದಲ್ಲ. ಮೊದಲು ಒಂದು ಮಗ್ಗುಲಿಗೆ ಹೊರಳಿಸಬೇಕು. ಜೋಲಿಯನ್ನು ಅರ್ಧಕ್ಕೆ ಮಡಚಿ ಬೆನ್ನಿನ ಉದ್ದಕ್ಕೆ ತಳ್ಳಿ, ಮತ್ತೊಂದು ಮಗ್ಗುಲಿಗೆ ಹೊರಳಿಸಿ ಉಳಿದರ್ಧವನ್ನು ಎಳೆದುಕೊಳ್ಳಬೇಕು. ಬಟ್ಟೆಯ ಕೆಳಅಂಚು ಬೆನ್ನುಮೂಳೆಯ ಬುಡಕ್ಕೆ ಬರಬೇಕು. ಕುತ್ತಿಗೆ ನಿಲ್ಲದವರಿಗೆ ಮೇಲಂಚು ತಲೆಯನ್ನೂ ಆಧರಿಸುವಂತಿರಬೇಕು. ಕಾಲಿನ ಕಡೆಯ ಎರಡು ಪಟ್ಟಿಗಳನ್ನು ತೊಡೆಯ ಅಡಿಯಿಂದ ತಂದು ನಡುವೆ ಒಂದರೊಳಗೊಂದು ದಾಟಿಸುವುದು ಸಾಮಾನ್ಯ ಕ್ರಮ. ದಾಟಿಸದಿದ್ದರೆ ಕಾಲುಗಳು ಅಗಲವಾಗಿ ರೋಗಿ ನಡುವಿನಿಂದ ಜಾರಬಹುದು. ಹೆಗಲಿನ ಕಡೆ ಗಿಡ್ಡ ಕುಣಿಕೆ, ಕಾಲಿನ ಕಡೆ ಉದ್ದ ಕುಣಿಕೆ ಸಿಕ್ಕಿಸಿದರೆ ರೋಗಿ ಕುಳಿತ ಭಂಗಿಯಲ್ಲಿ ಏಳುತ್ತಾರೆ. ತಿರುಗಾಮುರುಗಾ ಮಾಡಿದರೆ ಒರಗಿದ ಭಂಗಿಯಲ್ಲಿ. ಎಡಬಲ ಮಾತ್ರ ಸಮವಾಗಿರಲೇಬೇಕು. ಎರಡು ಬೆರಳಷ್ಟು ಎತ್ತರಕ್ಕೆ ಎತ್ತಿ, ಅಲ್ಲಿಯೇ ನಿಲ್ಲಿಸಿ, ನಾಲ್ಕೂ ಕುಣಿಕೆಗಳನ್ನು ಮತ್ತೊಮ್ಮೆ ನೋಡಬೇಕು. ತುಂಬ ಜನ ಬಿಡುವ ಹೆಜ್ಜೆ ಇದೇ. ಇಳಿಸುವ ಗಾಲಿಕುರ್ಚಿಯ ಬ್ರೇಕು ಹಾಕಿರಬೇಕು. ಕುಳ್ಳಿರಿಸಿದ ಮೇಲೆ, ಹಾಗೆಯೇ ಬಿಡಲೆಂದು ತಯಾರಿಸಿದ್ದಲ್ಲದಿದ್ದರೆ ಜೋಲಿಯನ್ನು ತೆಗೆಯಬೇಕು. ಅದರ ಮಡಿಕೆಯೂ ಹೊಲಿಗೆಯೂ ಒತ್ತುಹುಣ್ಣಿಗೆ ಕಾರಣವಾಗುತ್ತವೆ.

ಜೋಲಿಗೆ ಎಷ್ಟು ಕಿಲೋ ತಾಳುವ ಶಕ್ತಿಯಿದೆಯೆಂದು ಹೊಲಿದ ಚೀಟಿಯೊಂದು ಅದರಲ್ಲಿರುತ್ತದೆ. ಚೀಟಿ ಅಳಿಸಿಹೋದ, ಹೊಲಿಗೆ ಬಿಟ್ಟ, ಬಣ್ಣ ಮಾಸಿ ನೂಲು ಪಿಸುಗಿದ ಜೋಲಿಯನ್ನು ಬಳಸಬಾರದು. ಊರಿನ ದರ್ಜಿಯಿಂದ ಹೊಲಿಸಿಕೊಂಡರಾಗದೇ ಎಂದು ಕೇಳಿದವರಿದ್ದಾರೆ. ಹಾಸಿಗೆಯ ಮೇಲೆ ಜಾರಿಸುವ ಬಟ್ಟೆಯ ಮಾತು ಬೇರೆ. ಯಂತ್ರದಿಂದ ಮೇಲಕ್ಕೆ ತೂಗಿಸುವ ಜೋಲಿಯಲ್ಲಿ ಅಂಥ ಪ್ರಯೋಗ ಸಲ್ಲ.

ನಮ್ಮ ಜಿಲ್ಲೆಯಲ್ಲಿ ಈ ವಿಷಯಕ್ಕೆ ಬೇರೊಂದು ಭಾರವಿದೆ. 1970ರ ದಶಕದಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿದಂತೆ 11 ಪಂಚಾಯತುಗಳು ಬಾಧಿತವೆಂದು ಗುರುತಿಸಲ್ಪಟ್ಟುವು. ಕರುಗಳ ಕಾಲು ಸೊಟ್ಟಗಾಗಿ ಹುಟ್ಟುತ್ತಿರುವುದನ್ನು ಮೊದಲು ಬರೆದು ಎಚ್ಚರಿಸಿದವರು ನಮ್ಮವರೇ ಆದ ಪತ್ರಕರ್ತ ಶ್ರೀಪಡ್ರೆ. ಮನೆಮನೆಯ ಕಾಯಿಲೆಯನ್ನು ಕಂಡು ಪ್ರಶ್ನೆ ಎತ್ತಿದವರು ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಬಳಕೆಯನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಸರಕಾರದ ಪಟ್ಟಿಯಲ್ಲಿರುವವರೇ ಆರು ಸಾವಿರಕ್ಕೂ ಹೆಚ್ಚು. ಈ ಕಥೆ ಹಲವು ಸಲ ಬರೆಯಲ್ಪಟ್ಟಿದೆ, ಇಲ್ಲಿ ವಿಸ್ತರಿಸುವುದಿಲ್ಲ.

ಬರೆಯಲ್ಪಡದ ಭಾಗವೊಂದಿದೆ. ತಿರುವನಂತಪುರದ ಸೆಕ್ರೆಟೇರಿಯೇಟಿನ ಮುಂದೆ 2016ರಲ್ಲಿ ಮತ್ತು 2019ರಲ್ಲಿ ಧರಣಿ ಕುಳಿತ ತಾಯಂದಿರ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಕಂಡಿದ್ದೇವೆ. ಮಡಿಲಲ್ಲಿ, ಸೊಂಟದಲ್ಲಿ ಮಕ್ಕಳು. ಮಕ್ಕಳೆಂದರೆ ಹದಿನೈದು, ಇಪ್ಪತ್ತು ವರ್ಷದವರು. ಆ ಚಿತ್ರ ನೋಡಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ. ಆದರೆ ವರ್ಷಗಳು ಅಲ್ಲಿಗೇ ನಿಲ್ಲಲಿಲ್ಲ. ಮಗನಿಗೆ ಈಗ ಮೂವತ್ತು ದಾಟಿದೆ, ತಾಯಿಗೆ ಅರವತ್ತು ಸಮೀಪಿಸಿದೆ. ಮಗುವಾಗಿದ್ದಾಗ ಎತ್ತಿದ ರೀತಿಯಲ್ಲಿಯೇ ಆಕೆ ಇಂದೂ ಎತ್ತುತ್ತಾಳೆ, ಏಕೆಂದರೆ ಬೇರೆ ರೀತಿಯನ್ನು ಯಾರೂ ಕಲಿಸಿಲ್ಲ. ಪರಿಹಾರದ ಮೊತ್ತದ ಬಗ್ಗೆ ನಡೆದ ಚರ್ಚೆಯ ನೂರರಲ್ಲೊಂದು ಪಾಲು ಆ ತಾಯಿಯ ಸೊಂಟದ ಬಗ್ಗೆ ನಡೆದಿಲ್ಲವೆಂಬುದು ನನ್ನ ಆಕ್ಷೇಪ.

ಕಲಿಸುವ ವ್ಯವಸ್ಥೆ ಕೇರಳದಲ್ಲಿ ಇಲ್ಲವೆನ್ನುವಂತಿಲ್ಲ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಆರಂಭಿಸಿದ ಉಪಶಮನ ಚಿಕಿತ್ಸೆಯ ಕೆಲಸ ಮುಂದೆ ಮಲಬಾರಿನ ನೆರೆಕರೆಯವರ ಜಾಲವಾಗಿ ಬೆಳೆಯಿತು. 2008ರಲ್ಲಿ ರಾಜ್ಯ ಸರಕಾರ ಉಪಶಮನ ಚಿಕಿತ್ಸೆಗೆ ಪ್ರತ್ಯೇಕ ನೀತಿಯನ್ನೇ ಪ್ರಕಟಿಸಿತು. ಭಾರತದಲ್ಲಿ ಅದು ಮೊದಲನೆಯದು. ಪಂಚಾಯತಿನ ಪಾಲಿಯೇಟಿವ್ ದಾದಿ ಮನೆಬಾಗಿಲಿಗೆ ಬರುವುದು ಇಂದು ನಮಗೆ ಸಹಜವೆನ್ನಿಸಿದೆ. ಗಡಿಯಾಚೆಯ ನಮ್ಮ ಬಂಧುಗಳಿಗೆ ಅದು ಈಗಲೂ ಅಚ್ಚರಿ. ಕೇರಳವನ್ನು ದೂರುವ ಸಂದರ್ಭಗಳು ಗಡಿನಾಡ ಕನ್ನಡಿಗರಿಗೆ ಸಾಕಷ್ಟಿವೆ; ಈ ವಿಷಯದಲ್ಲಿ ಮೆಚ್ಚದೆ ಇರಲಾಗದು.

ತೊಡಕು ಇರುವುದು ಮನೆಗಳಲ್ಲಿ. ಹೋಯರ್ ಯಂತ್ರದ ಗಾಲಿಗಳು ಮಂಚದ ಅಡಿಗೆ ನುಗ್ಗಬೇಕು. ನಮ್ಮ ಹಳೆಯ ಮರದ ಮಂಚಗಳ ಅಡಿಯಲ್ಲಿ ಪೆಟ್ಟಿಗೆ, ಪಾತ್ರೆ, ತೆಂಗಿನಕಾಯಿ. ಒಂದು ಕೋಣೆಯಿಂದ ಮತ್ತೊಂದಕ್ಕೆ ಹೋಗಲು ಎತ್ತರದ ಹೊಸ್ತಿಲು. ಬಚ್ಚಲು ಮನೆಯ ಹೊರಗೆ, ಮೂರು ಮೆಟ್ಟಿಲಿಳಿದು. ಹಾಗಾಗಿ ಇಲ್ಲಿಗೆ ಹೆಚ್ಚು ಹೊಂದುವುದು ಹಿಡಿಕೆಗಳಿರುವ ಕೈಜೋಲಿ. ತೊಡೆ, ಸೊಂಟ, ಬೆನ್ನುಗಳ ಅಡಿಯಲ್ಲಿ ಹಾಸಿ, ಇಬ್ಬರು ಅಥವಾ ನಾಲ್ವರು ಎರಡೂ ಬದಿಯ ಹಿಡಿಕೆಗಳನ್ನು ಹಿಡಿದು ಒಟ್ಟಿಗೆ ಸರಿಸುವಂಥದು. ಒಬ್ಬರೇ ಎತ್ತಲು ಅದು ಸಲ್ಲ. ಇಬ್ಬರಿದ್ದರೂ ಮೇಲಕ್ಕೆ ಹೊರುವುದಕ್ಕಿಂತ ಸಮಮಟ್ಟದಲ್ಲಿ ಸರಿಸುವುದಕ್ಕೇ ಅದು ಮೇಲು. ಕುರ್ಚಿಯನ್ನು ಮಂಚದ ಎತ್ತರಕ್ಕೆ ಸರಿಹೊಂದಿಸಿಕೊಂಡರೆ ಅರ್ಧ ಶ್ರಮ ಅಲ್ಲಿಯೇ ಉಳಿಯುತ್ತದೆ.

ಇನ್ನೊಂದು ತೊಡಕು ಭಾಷೆಯದು. ಜೋಲಿಯ ಚೀಟಿ ಇಂಗ್ಲಿಷಿನಲ್ಲಿ. ತರಬೇತಿಯ ಕರಪತ್ರ ಮಲಯಾಳದಲ್ಲಿ. ಮಗನನ್ನು ಎತ್ತಬೇಕಾದ ತಾಯಿ ಮಾತನಾಡುವುದು ತುಳು, ಓದುವುದಾದರೆ ಕನ್ನಡ. ಹೆಗಲಿನ ಕುಣಿಕೆ ಯಾವುದು, ಕಾಲಿನದು ಯಾವುದು ಎಂಬಲ್ಲಿ ತಪ್ಪಿದರೆ ಆಗುವ ಕೆಡುಕು ಅರ್ಜಿ ನಮೂನೆಯಲ್ಲಿ ತಪ್ಪಿದಂತಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ನಮ್ಮ ಸಮ್ಮೇಳನಗಳಲ್ಲಿ ನಿರ್ಣಯಗಳನ್ನು ಅಂಗೀಕರಿಸುವಾಗ ಶಾಲೆ, ಕಚೇರಿ, ನಾಮಫಲಕಗಳು ನೆನಪಾಗುತ್ತವೆ. ಎರಡು ಪುಟದ ಒಂದು ಕನ್ನಡ ಕರಪತ್ರ, ಚಿತ್ರಗಳೊಡನೆ, ಹಾಸಿಗೆಯ ತಲೆದೆಸೆಯ ಗೋಡೆಗೆ ಅಂಟಿಸುವಂಥದು, ಆ ಪಟ್ಟಿಯಲ್ಲಿ ಸೇರಬೇಕೆಂದು ಸಂಘದ ಮುಂದೆ ಸವಿನಯವಾಗಿ ಇಡುತ್ತೇನೆ. ಬರೆದುಕೊಡಲು ನಾನು ಸಿದ್ಧ. ವೈದ್ಯರಾದ ಸದಸ್ಯರು ತಿದ್ದಿಕೊಟ್ಟರೆ ಸಾಕು.

ಕಳೆದ ಮಳೆಗಾಲದಲ್ಲಿ ಮಲೆಬದಿಯ ಒಂದು ಮನೆಗೆ ಹೋಗಿದ್ದೆ. ದಾದಿ ಕೈಜೋಲಿಯೊಂದನ್ನು ತಂದು ಹಾಸಿ, ಹೊರಳಿಸಿ, ಪಟ್ಟಿಗಳನ್ನು ತೋರಿಸುತ್ತಿದ್ದರು. ಅವರ ಮಲಯಾಳವನ್ನು ನೆರೆಮನೆಯ ಹುಡುಗಿಯೊಬ್ಬಳು ತುಳುವಿಗೆ ತಿರುಗಿಸುತ್ತಿದ್ದಳು. ತಾಯಿ ಬಹಳ ಹೊತ್ತು ಸುಮ್ಮನೆ ನೋಡಿದರು. ಬಟ್ಟೆಯನ್ನು ಕೈಯಲ್ಲಿ ಹಿಡಿದು ಎಳೆದು ನೋಡಿದರು. ತನ್ನ ಅಜ್ಜನನ್ನು ಕುಂಬಳೆಗೆ ಒಯ್ದದ್ದು ಇಂಥದರಲ್ಲೇ, ಗಳ ಮಾತ್ರ ಇದ್ದಿತು ಅಂದರು. ಆಮೇಲೆ ಮಗನ ಎಡಕ್ಕೆ ತಾನೂ ಬಲಕ್ಕೆ ದಾದಿಯೂ ನಿಂತು ಹಿಡಿಕೆಗಳನ್ನು ಹಿಡಿದರು. ಎಲ್ಲರೂ ಒಟ್ಟಿಗೆ ಸರಿಸಲು ಯಾರಾದರೂ ಎಣಿಸಬೇಕೆಂದು ದಾದಿ ಹೇಳಿದಾಗ, ಹುಡುಗಿ ಬಾಯ್ತೆರೆಯುವ ಮೊದಲೇ ತಾಯಿಯೇ ಎಣಿಸಿದರು: ಒಂಜಿ, ರಡ್ಡ್, ಮೂಜಿ.